ಕಂಬಳಿ ಮೇಲೆ ಕೂರದ ಟೀಚರ್

ನಮ್ಮ ದೊಡ್ಡ ಟೀಚರಿಗೆ ಮೂತ್ರ ನಿಲ್ಲುತ್ತಿರಲಿಲ್ಲ. ಒಬ್ಬರ ಬಗ್ಗೆ ಬರೆಯುವಾಗ ಮಾತನ್ನು ಇಲ್ಲಿಂದ ಶುರು ಮಾಡುವುದು ಸರಿಯೇ ಎಂದು ನನಗೂ ಅನುಮಾನವಿತ್ತು. ಅದಕ್ಕೇ ಮೊನ್ನೆ ಅವರಿಗೇ ಫೋನು ಮಾಡಿ, "ಟೀಚರ್, ನಿಮ್ಮ ಬಗ್ಗೆ ಬರೀಬೇಕು ಅಂತಿದೀನಿ. ಆ ವಿಷ್ಯಾನೂ ಸೇರಿಸ್ಲಾ?" ಎಂದು ಕೇಳಿದೆ.

"ಅದನ್ನ ಬಿಟ್ಟು ನನ್ನ ಬಗ್ಗೆ ಇನ್ನೇನು ಬರೀತೀಯೇ? ನಮ್ಮ ಯಜಮಾನ್ರು ಆಗೀಗ ಊರಿಗಾದ್ರೂ ಹೋಗ್ತಿದ್ರು. ಅದು ಒಂದಿನಾನೂ ನನ್ನ ಬಿಟ್ಟು ಹೋಗಿಲ್ಲ. ಬರಿ. ಹೆಸರು ಮಾತ್ರ ಹಾಕಬ್ಯಾಡ. ಹಾಕಿದ್ರೆ ಹೊಸದುರ್ಗದಾಗೆ ನಾನು ಕುಂತೆದ್ದ ಕುರ್ಚಿನೆಲ್ಲ ಜನ ಬಗ್ಗಿ ನೋಡ್ತಾರೆ."

ಇಷ್ಟನ್ನೂ ಅವರು ಹೇಳಿದ್ದು ಪಂಚಾಂಗ ಓದುವ ದನಿಯಲ್ಲಿ. ನಾನು ಈ ಕಡೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವರ ಜೊತೆ ಕೆಲಸ ಮಾಡಿದಷ್ಟು ಕಾಲವೂ ಹೀಗೇ ಆಗುತ್ತಿತ್ತು.

ನಮ್ಮ ಶಾಲೆಗೆ ಹೋಗಬೇಕಾದರೆ ಹಿರಿಯೂರಿನಲ್ಲಿ ಯಲ್ಲದಕೆರೆ ಕಡೆಯ ಬಸ್ಸು ಹತ್ತಿ, ನಡುವೆ ಇಳಿದು, ಡಾಂಬರು ಬಿಟ್ಟು ಜಾಲಿಗಿಡಗಳ ನಡುವೆ ಒಳಕ್ಕೆ ನಡೆಯಬೇಕು. ಅದೊಂದು ಕುರಿ ಸಾಕುವವರ ಹಟ್ಟಿ. ಶಾಲೆಗೆ ಇಬ್ಬರೇ ಟೀಚರು. ಅವರು ದೊಡ್ಡ ಟೀಚರು, ನಾನು ಸಣ್ಣ ಟೀಚರು. ಈ ಹೆಸರುಗಳನ್ನು ಇಟ್ಟದ್ದು ಮಕ್ಕಳು. ಅವರು ನನಗಿಂತ ವಯಸ್ಸಿನಲ್ಲೂ ಎತ್ತರದಲ್ಲೂ ದೊಡ್ಡವರಾದ್ದರಿಂದ ನಾವಿಬ್ಬರೂ ತಕರಾರು ಮಾಡಲಿಲ್ಲ.

ಮೊದಲ ದಿನ ನೋಡಿದಾಗ, ಇವರಿಗೆ ಜೀವನದಲ್ಲಿ ಏನೋ ದೊಡ್ಡ ದುಃಖವಿದೆ ಎಂದುಕೊಂಡೆ. ಉಟ್ಟದ್ದು ಕಪ್ಪು ಸೀರೆ. ಮರುದಿನ ಕಾಫಿಪುಡಿ ಬಣ್ಣದ್ದು. ಆಮೇಲೆ ಕಡುನೀಲಿ. ಹಸಿರು ಬಂದರೂ ಅದು ಕಪ್ಪಿನ ಚಿಕ್ಕಪ್ಪನ ಮಗನಂಥ ಹಸಿರು. ಹೆಗಲಿಗೆ ಸದಾ ಒಂದು ದೊಡ್ಡ ಚೀಲ. ಮುಖದಲ್ಲಿ ನಗು ಎಂಬುದಿಲ್ಲ. ಆದರೆ ಬಾಯಿ ಬಿಟ್ಟರೆ ಎದುರಿಗಿದ್ದವರು ನಕ್ಕು ಸುಸ್ತಾಗಬೇಕು. ಇಡೀ ತಾಲ್ಲೂಕಿನ ಮೇಷ್ಟ್ರುಗಳಿಗೆಲ್ಲ ಅವರ ಮಾತಿನ ಚಟ ಗೊತ್ತಿತ್ತು. ತಾವು ನಗದೆ ಬೇರೆಯವರನ್ನು ನಗಿಸುವುದು ದೊಡ್ಡ ಕಲೆ ಎಂದು ಒಬ್ಬ ಮೇಷ್ಟ್ರು ಸಭೆಯಲ್ಲೇ ಹೊಗಳಿದ್ದರು. ಟೀಚರ್ ಕೈ ಮುಗಿದು, "ಕಲೆ ಅಲ್ಲ ಸಾರ್, ಕಷ್ಟ" ಎಂದರು. ಅದಕ್ಕೂ ಸಭೆ ನಕ್ಕಿತು.

ಅವರ ಚಾಳಿಗಳು ಒಂದೆರಡಲ್ಲ. ಯಾರ ಮನೆಗೆ ಹೋಗಲಿ, ಮದುವೆಗೆ ಹೋಗಲಿ, ಮೊದಲು ಕೇಳುವುದು "ಹಿತ್ತಲ ಬಾಗಿಲು ಎಲ್ಲೈತೆ?" ಎಂದು. ಹೆಣ್ಣಿನ ಹೆಸರೇನು, ಗಂಡು ಯಾವೂರು ಎಲ್ಲ ಆಮೇಲೆ. ಬಸ್ಸಿನಲ್ಲಿ ಕೂತಿದ್ದವರು ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತಿದ್ದರು. ನಿಂತ ಮರುಗಳಿಗೆಯೇ ಬಸ್ಸು ಹಂಪಿನ ಮೇಲೆ ಹಾರಿ ಧಡ್ ಎಂದು ಬೀಳುತ್ತಿತ್ತು. ಮತ್ತೆ ಕೂರುತ್ತಿದ್ದರು. ಆ ದಾರಿಯಲ್ಲಿ ಹಂಪು ಎಲ್ಲೆಲ್ಲಿದೆ ಎಂದು ಡ್ರೈವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಡ್ರೈವರ್ ಅವರನ್ನು ಕನ್ನಡಿಯಲ್ಲಿ ನೋಡಿಯೇ ಬ್ರೇಕು ಹಾಕುತ್ತಾನೆ ಎಂದು ಕಂಡಕ್ಟರು ತಮಾಷೆ ಮಾಡುತ್ತಿದ್ದ.

ಬಿಸಿಯೂಟದ ಕೋಣೆಯಲ್ಲಿ ಸಾರಿನ ಒಗ್ಗರಣೆಗೆ ಮೆಣಸಿನಕಾಯಿ ಬಿತ್ತೆಂದರೆ ಟೀಚರ್ ಪಾಠ ಅರ್ಧಕ್ಕೆ ಬಿಟ್ಟು ಬಯಲ ಕಡೆ ಓಡುತ್ತಿದ್ದರು. ಘಾಟಿಗೆ ಸೀನು ಬಂದರೆ ಎಂಬ ಭಯ. ನಮಗದು ತಿಳಿಯದು. ದೊಡ್ಡ ಟೀಚರ್ ಓಡಿದರು ಎಂದರೆ ಊಟ ತಯಾರಾಯಿತು ಎಂದು ಮಕ್ಕಳು ಅರ್ಥ ಮಾಡಿಕೊಂಡು ತಟ್ಟೆ ತೆಗೆಯುತ್ತಿದ್ದರು. ಅಡುಗೆಯ ಅಕ್ಕ, ಅವಳೂ ಆ ಹಟ್ಟಿಯ ಸೊಸೆಯೇ, "ನನ್ನ ಒಗ್ಗರಣೆ ಕಂಡ್ರೆ ನಮ್ ಟೀಚರಮ್ಮಂಗೆ ಆಗಲ್ಲ" ಎಂದು ಒಳಗೊಳಗೇ ಬೇಜಾರು ಮಾಡಿಕೊಂಡಿದ್ದಳು.

ತರಗತಿಯಲ್ಲಿ ಯಾವ ಮಗು ಕಿರುಬೆರಳು ಎತ್ತಿದರೂ ಅವರು ಯಾಕೆ, ಈಗ ತಾನೇ ಹೋಗಿದ್ದೆಯಲ್ಲ ಎಂದು ಕೇಳಿದವರಲ್ಲ. ಬೋರ್ಡಿನ ಮೇಲೆ ಬರೆಯುತ್ತಲೇ ಎಡಗೈಯಲ್ಲಿ ಹೋಗು ಎಂದು ಸನ್ನೆ ಮಾಡುತ್ತಿದ್ದರು. ನಾನು ಹೊಸಬಳು, ಶಿಸ್ತಿನ ಹುಚ್ಚಿನವಳು. "ಟೀಚರ್, ಅರ್ಧ ಮಕ್ಕಳು ಸುಳ್ಳು ಹೇಳಿ ಹೊರಗೆ ಆಡ್ತಾವೆ" ಎಂದೆ.

"ಆಡ್ಲಿ ಬುಡೇ. ಉಳಿದರ್ಧ ನಿಜ ಹೇಳ್ತಾವಲ್ಲ."

ಇನ್ನು ಅವರ ಹಾಜರಿ. ಅದನ್ನು ನೋಡಿಯೇ ನಂಬಬೇಕು. ಒಂದು ಹೆಸರು ಕರೆಯುವುದು. ನಿಲ್ಲಿಸುವುದು. ಗೋಡೆಯ ಮೇಲಿನ ಕರ್ನಾಟಕದ ಭೂಪಟವನ್ನು ಕಣ್ಣು ಮಿಟುಕಿಸದೆ ನೋಡುವುದು. ಉಸಿರು ಬಿಡುವುದು. ಆಮೇಲೆ ಮುಂದಿನ ಹೆಸರು. ಹಟ್ಟಿಯ ಮಕ್ಕಳು ಟೀಚರ್ ಆಟ ಆಡುವಾಗ ಆ ನಿಲುಗಡೆಯನ್ನೂ ಭೂಪಟ ನೋಡುವುದನ್ನೂ ಚಾಚೂ ತಪ್ಪದೆ ಮಾಡುತ್ತಿದ್ದವು. ಅವರಿಗೆ ಕಣ್ಣಿನ ದೋಷವಿರಬೇಕು ಎಂದು ನಾನು ತೀರ್ಮಾನಿಸಿದ್ದೆ.

ಈ ಎಲ್ಲ ಒಗಟೂ ಒಡೆದದ್ದು ಚಿತ್ರದುರ್ಗದಲ್ಲಿ, ಒಂದು ತರಬೇತಿಯ ದಿನ. ನನಗೆ ಎರಡನೇ ಹೆರಿಗೆಯಾಗಿ ರಜೆ ಮುಗಿಸಿ ಬಂದಿದ್ದೆ. ತರಬೇತಿ ಕೊಡುವವರಿಗೆ ಮಧ್ಯಾಹ್ನ ಊಟವಾದ ಮೇಲೆ ನಮ್ಮ ನಿದ್ದೆ ಓಡಿಸುವ ಉತ್ಸಾಹ. ಎಲ್ಲರನ್ನೂ ಎಬ್ಬಿಸಿ ಕಪ್ಪೆಯಂತೆ ಕುಪ್ಪಳಿಸಲು ಹೇಳಿದರು. ದೊಡ್ಡ ಟೀಚರ್ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಸಾರ್, ನಮ್ ಕಡೆ ಮಳೆ ಕಮ್ಮಿ. ಕಪ್ಪೆ ನೋಡೇ ಇಲ್ಲ" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ನಗುತ್ತಲೇ ಜಿಗಿದೆ. ಜಿಗಿದವಳಿಗೆ ಕಾಲಿನ ಮೇಲೆ ಬೆಚ್ಚಗೆ ಇಳಿದದ್ದು ತಿಳಿಯಿತು.

ಹಿಂದೆಯೂ ಒಂದೆರಡು ಸಲ ಒಂದೊಂದು ಹನಿ ಆಗಿತ್ತು. ಈ ಸಲ ಹನಿಯಲ್ಲ. ತಿಳಿಗುಲಾಬಿ ಸೀರೆ ಬೇರೆ. ಓಡಿಹೋಗಿ ಶೌಚಾಲಯದ ಬಾಗಿಲು ಹಾಕಿಕೊಂಡು ಅಳುತ್ತಾ ನಿಂತೆ. ಮೂವತ್ತೂ ತುಂಬದ ಹೆಂಗಸು ಹಾಸಿಗೆ ಒದ್ದೆ ಮಾಡುವ ಮಗುವಿನಂತಾದೆನಲ್ಲ ಎಂದು ಸತ್ತು ಹೋಗುವಷ್ಟು ನಾಚಿಕೆಯಾಗಿತ್ತು. ಆಗ ಬಾಗಿಲ ಮೇಲಿನ ಸಂದಿನಿಂದ ಒಂದು ಕಪ್ಪು ಲಂಗ ಇಳಿಯಿತು. ಅದರ ಹಿಂದೆ ಒಂದು ಕಪ್ಪು ಸೀರೆ. ಹಿಂದೆಯೇ ಪಂಚಾಂಗದ ದನಿ.

"ತಗಾ. ನಂದು ದೊಡ್ಡದು, ಎರಡು ಸುತ್ತು ಸುತ್ತ್ಕೊ. ಅಳಬ್ಯಾಡ. ಅತ್ರೆ ಇನ್ನೊಂದು ಕಡೆಯಿಂದ್ಲೂ ನೀರು ಸುಮ್ನೆ ಖರ್ಚು."

ಆ ದೊಡ್ಡ ಚೀಲದಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತಾದದ್ದು ಹೀಗೆ.

ಸಂಜೆ ಬಸ್ಸಿಗೆ ಮುಂಚೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಅವರು ಎಲ್ಲವನ್ನೂ ಹೇಳಿದರು. ಅವರದು ಮಾಡದಕೆರೆ ಕಡೆಯ ಊರು. ಎರಡನೆಯ ಮಗು ಹುಟ್ಟುವಾಗ ಹೆರಿಗೆ ತುಂಬ ಕಷ್ಟವಾಗಿತ್ತು. ಮಗು ಬದುಕಿತು, ತಾಯಿ ಬದುಕಿದಳು, ಅದೊಂದು ಮಾತ್ರ ಕೆಟ್ಟುಹೋಯಿತು. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಹೋಗಿಬಿಡುವುದು. ನಕ್ಕರಂತೂ ಕೇಳುವುದೇ ಬೇಡ. ಯಾರಿಗೂ ಹೇಳಲಿಲ್ಲ. ಗಂಡನಿಗೆ ತಾನಾಗಿಯೇ ಗೊತ್ತಾಯಿತು. ಆ ಮನುಷ್ಯ ಒಂದು ದಿನ ಕಡಲೆಕಾಯಿ ಒಣಗಿಸುವ ತಾಡಪಾಲಿನಲ್ಲಿ ಒಂದು ತುಂಡು ಕತ್ತರಿಸಿ ತಂದು ಅವರ ಹಾಸಿಗೆಯ ಬಟ್ಟೆಯ ಕೆಳಗೆ ಹಾಸಿದನಂತೆ. ಏನು, ಯಾಕೆ ಎಂದು ಕೇಳಲಿಲ್ಲ. ಆ ತಾಡಪಾಲನ್ನು ನೆನೆದು ಟೀಚರಿಗೆ ಗಂಡನ ಮೇಲೆ ಬಹಳ ಪ್ರೀತಿ. ಒಂದು ಮಾತು ಕೇಳಿದ್ದಿದ್ದರೆ ಎಷ್ಟೋ ವರ್ಷ ಮೊದಲೇ ಡಾಕ್ಟರ ಹತ್ತಿರ ಹೋಗುತ್ತಿದ್ದೆ ಎಂದು ಅವನ ಮೇಲೆ ಸಣ್ಣ ಸಿಟ್ಟೂ ಇತ್ತು.

ಮೊದಮೊದಲು ಅವರು ಮಾಡಿದ ಉಪಾಯವೆಂದರೆ ನೀರು ಕುಡಿಯದಿರುವುದು. ಹಿರಿಯೂರಿನ ಬಿಸಿಲಿನಲ್ಲಿ ನೀರು ಕುಡಿಯದೆ ಪಾಠ ಮಾಡಿ ಮಾಡಿ ಉರಿಮೂತ್ರ ಶುರುವಾಗಿ ಜ್ವರ ಬಂದು ಮಲಗಿದರು. ಆಗ ಚಿತ್ರದುರ್ಗದ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದ್ದು. ಆಕೆ ಚೆನ್ನಾಗಿ ಬೈದರಂತೆ. ನೀರು ಬಿಡಬಾರದು, ಕಾಫಿ ಕಡಿಮೆ ಮಾಡಬೇಕು, ಮೂತ್ರ ತಡೆದು ಹಿಡಿಯುವಾಗ ಬಿಗಿಯಾಗುವ ಆ ಒಳಗಿನ ಸ್ನಾಯುಗಳನ್ನು ದಿನಾ ಬಿಗಿ ಹಿಡಿದು ಬಿಡಬೇಕು ಎಂದು ಹೇಳಿಕೊಟ್ಟರು. ಬೇಕಿದ್ದರೆ ಆಪರೇಷನ್ನೂ ಇದೆ ಎಂದರು. ಟೀಚರ್ ಆಪರೇಷನ್ನಿಗೆ ಒಪ್ಪಲಿಲ್ಲ. ವ್ಯಾಯಾಮಕ್ಕೆ ಒಪ್ಪಿದರು.

"ಮನೇಲಿ ಪುರುಸೊತ್ತೆಲ್ಲೈತೆ? ಅದಕ್ಕೇ ಹಾಜರಿ ಜೊತೆ ಸೇರಿಸ್ಕಂಡೆ. ಹೆಸರು ಕರಿಯೋದು, ಬಿಗಿ ಹಿಡಿಯೋದು, 'ಬಂದೀನಿ ಟೀಚರ್' ಅಂದಮ್ಯಾಲೆ ಬಿಡೋದು."

"ಅಂದ್ರೆ ಆ ಭೂಪಟ?"

"ಎಲ್ಲಾದ್ರೂ ಒಂದು ಕಡೆ ನೋಡ್ಬೇಕಲ್ಲೇ. ಬೀದರ್ ಹತ್ರ ಬಿಗಿ ಹಿಡೀತೀನಿ, ಚಾಮರಾಜನಗರದಾಗೆ ಬಿಡ್ತೀನಿ."

ಬಜ್ಜಿ ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ಟೀಚರ್ ಬೆನ್ನು ತಟ್ಟಿ, "ಕಾಲು ಅಡ್ಡ ಹಾಕ್ಕಂಡು ಕೆಮ್ಮು" ಎಂದು ಸಲಹೆ ಕೊಟ್ಟರು. ಮಾರನೆಯ ದಿನದಿಂದ ನಾನೂ ಹಾಜರಿಯನ್ನು ನಿಧಾನವಾಗಿ ಕರೆಯತೊಡಗಿದೆ. ಆ ಶಾಲೆಯಲ್ಲಿ ಹಾಜರಿಗೇ ಒಂದು ಪಿರಿಯಡ್ ಬೇಕು ಎಂದು ಸುತ್ತಲಿನ ಶಾಲೆಗಳಲ್ಲಿ ಹೆಸರಾಯಿತು. ನನಗೆ ಕೆಲವು ತಿಂಗಳಲ್ಲಿ ಸರಿಹೋಯಿತು. ಅವರಿಗೆ ಅರ್ಧ ಕಮ್ಮಿಯಾಗಿತ್ತು. "ಇನ್ನರ್ಧ ನನ್ನ ಜೊತೆ ರಿಟೈರ್ ಆಗ್ತೈತೆ" ಎನ್ನುತ್ತಿದ್ದರು. ಉಳಿದರ್ಧಕ್ಕೆ ಪ್ಯಾಡು. ಅದನ್ನು ತರಲು ಹಿರಿಯೂರಿನ ಔಷಧಿ ಅಂಗಡಿಗೆ ನಾನೂ ಒಂದು ಸಲ ಜೊತೆಗೆ ಹೋಗಿದ್ದೆ. ಅಂಗಡಿಯವನು ಮರ್ಯಾದೆಯಿಂದ ದನಿ ತಗ್ಗಿಸಿ, "ಮನೇಲಿ ವಯಸ್ಸಾದೋರು ಅವ್ರಾ ಮೇಡಂ?" ಎಂದ. "ಹೂನಪ್ಪ, ಒಬ್ಬಳು ಮುದುಕಿ ಅವ್ಳೆ. ಹೇಳಿದ ಮಾತು ಕೇಳಲ್ಲ" ಎಂದರು ಟೀಚರ್. ಮುದುಕಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಅವನು ಹೇಳಿ ಕಳಿಸಿದ.

ಈಗ ಕಂಬಳಿಯ ವಿಷಯಕ್ಕೆ ಬರುತ್ತೇನೆ.

ಹಟ್ಟಿಯ ಪ್ರತಿ ಮನೆಯಲ್ಲೂ ಒಂದು ಒಳ್ಳೆಯ ಕರಿ ಕಂಬಳಿ ಇರುತ್ತದೆ. ತಮ್ಮ ಕುರಿಯ ಉಣ್ಣೆಯದೇ. ಹೊದೆಯುವ ಕಂಬಳಿ ಬೇರೆ, ಇದು ಬೇರೆ. ಮಡಿಸಿ ಎತ್ತರದಲ್ಲಿ ಇಟ್ಟಿರುತ್ತಾರೆ. ಬೀಗರು ಬಂದರೆ, ಗುರುಗಳು ಬಂದರೆ, ಮನಸ್ಸಿಗೆ ದೊಡ್ಡವರೆನಿಸಿದವರು ಬಂದರೆ ತೆಗೆದು ಹಾಸುತ್ತಾರೆ. ಹಾಸಿ, ಮೂಲೆಗೆ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ, ಹಾಕಿ "ಕುಂತ್ಕಳ್ರಿ" ಎನ್ನುತ್ತಾರೆ. ಕುರ್ಚಿ ಇದ್ದರೂ ಹಾಕುವುದಿಲ್ಲ. ಕುರ್ಚಿ ಹಾಕುವುದು ಸಾಲ ವಸೂಲಿಗೆ ಬಂದವರಿಗೆ.

ಜೂನ್ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿ ಎಂದು ನಾವಿಬ್ಬರೂ ಮನೆಮನೆಗೆ ಹೋಗುತ್ತಿದ್ದೆವು. ಹೋದ ಕಡೆಯೆಲ್ಲ ಕಂಬಳಿ ಇಳಿಯುತ್ತಿತ್ತು. ನಾನು ಧಾರಾಳವಾಗಿ ಚಕ್ಕಳಮಕ್ಕಳ ಹಾಕಿ ಕೂತು, ಕೊಟ್ಟ ಗಿಣ್ಣು ತಿಂದು, ಹುರಿದ ಕಡಲೆಕಾಯಿಯನ್ನು ಸೆರಗಿಗೆ ಕಟ್ಟಿಕೊಂಡು ಏಳುತ್ತಿದ್ದೆ. ದೊಡ್ಡ ಟೀಚರ್ ಮಾತ್ರ ಕಂಬಳಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂರುತ್ತಿದ್ದರು. ಇಲ್ಲವೇ ನಿಂತೇ ಇರುತ್ತಿದ್ದರು. "ನಂಗೆ ಇಲ್ಲೇ ಗಾಳಿ ಚೆನ್ನಾಗೈತೆ" ಎನ್ನುವುದು. ಅವರ ಲೆಕ್ಕ ಸರಳವಾಗಿತ್ತು. ಕಲ್ಲಾದರೆ ತೊಳೆಯಬಹುದು. ಮನೆಯವರು ದೇವರಂತೆ ಇಟ್ಟುಕೊಂಡ ಕಂಬಳಿಯ ಮೇಲೆ ಕೂತಾಗ ಒಂದು ಸೀನು ಬಂದುಬಿಟ್ಟರೆ? ತಾನು ಕೂರದಿರುವುದನ್ನು ಹಟ್ಟಿಯವರು ವಿನಯ ಎಂದುಕೊಂಡಿದ್ದಾರೆ ಎಂದು ಅವರು ನಂಬಿದ್ದರು. ಕಾರಣ ತಿಳಿದಿದ್ದ ನಾನೂ ಹಾಗೇ ನಂಬಿದ್ದೆ.

ಹಟ್ಟಿಯವರು ಅಂದುಕೊಂಡಿದ್ದೇ ಬೇರೆ. ಹೋದ ವರ್ಷ, ಟೀಚರ್ ನಿವೃತ್ತಿ ಹತ್ತಿರ ಬಂದಾಗ, ಬೀಳ್ಕೊಡುಗೆಗೆ ಏನು ಮಾಡೋಣ ಎಂದು ನಾನು ಅಡುಗೆಯ ಅಕ್ಕನನ್ನು ಕೇಳಿದೆ. ಅವಳು ಸೌಟು ತಿರುಗಿಸುತ್ತಾ ಮುಖ ಬೇರೆ ಕಡೆ ಮಾಡಿದಳು.

"ಹಿರೇರು ಕಟ್ಟೆ ಮ್ಯಾಲೆ ಮಾತಾಡಿದ್ರು ಸಣ್ಣ ಟೀಚರೇ. ಮಾಡೋದು ಬ್ಯಾಡ ಅಂತಾರೆ."

"ಯಾಕಕ್ಕ? ದೊಡ್ಡ ಟೀಚರ್ ಏನು ಮಾಡಿದ್ರು?"

"ಪಾಠ ಚೆನ್ನಾಗಿ ಮಾಡಿದ್ರು. ಮಕ್ಕಳ್ನ ಹೊಟ್ಟೇಲಿ ಹುಟ್ಟಿದೋರಂಗೆ ನೋಡ್ಕಂಡ್ರು. ಯಾರೂ ಇಲ್ಲ ಅನ್ನಂಗಿಲ್ಲ. ಆದ್ರೆ ಒಂದಿನಾನಾದ್ರೂ ನಮ್ ಕಂಬಳಿ ಮ್ಯಾಲೆ ಕುಂತ್ರಾ? ಅವ್ರ ಜಾತಿ ಬ್ಯಾರೆ, ನಮ್ದು ಬ್ಯಾರೆ, ನಮಗೂ ತಿಳೀತೈತೆ. ಕೊನೆ ದಿನಾನೂ ಹಾಸಿ, ಅವ್ರು ಕುಂದ್ರದೆ ಹೋದ್ರೆ ನಮ್ ಮಾರಿ ಎಲ್ಲಿ ಇಟ್ಕಳಾಣ? ನಮ್ಮತ್ತೇನೂ ಅದೇ ಅಂದ್ರು."

ಅವಳ ಅತ್ತೆ ಎಂದರೆ ಹಟ್ಟಿಗೇ ಹಿರಿಯಜ್ಜಿ. ಆಕೆ ಒಂದು ಮಾತು ಆಡಿದರೆ ಕಟ್ಟೆಯ ಮೇಲಿನ ಗಂಡಸರು ಎರಡನೆಯದು ಆಡುವುದಿಲ್ಲ.

ನಾನು ದೊಡ್ಡ ಟೀಚರಿಗೆ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅವರು ಕೇಳಿಸಿಕೊಂಡು, ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತರು. ಎರಡು ದಿನ ಅವರ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ. ಬಸ್ಸಿನಲ್ಲಿ ಹಂಪು ಬಂದಾಗಲೂ ಏಳಲಿಲ್ಲ. ಅವರನ್ನು ಹಾಗೆ ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಮೂರನೆಯ ದಿನ ದಾರಿಯಲ್ಲಿ ನಡೆಯುತ್ತಾ ತಾವಾಗಿಯೇ ಮಾತೆತ್ತಿದರು.

"ಅವ್ರ ಕಂಬಳಿ ಉಳಿಸಾಣ ಅಂತ ಹೋಗಿ ಅವ್ರ ಮನಸ್ಸು ಕೆಡಿಸ್ದೆ ನೋಡೇ. ಜಾತಿ ಮಾಡೋ ಟೀಚರ್ ಅಂತ ಅನ್ನಿಸ್ಕಂಡು ಹೋಗ್ಲಾ, ಉಚ್ಚೆ ಹೊಯ್ಕಳೋ ಟೀಚರ್ ಅಂತ ಅನ್ನಿಸ್ಕಂಡು ಹೋಗ್ಲಾ?"

ಮೂವತ್ತು ವರ್ಷ ಗಂಡನಿಗೂ ಬಾಯಿಬಿಟ್ಟು ಹೇಳದ ಮಾತು. ಹೇಳಿದರೆ ಸಂಜೆಯೊಳಗೆ ಹಟ್ಟಿಯ ಬಾಯಲ್ಲೆಲ್ಲ ಆಡಬಹುದು, ನಾಳೆ ಮಕ್ಕಳು ಅದನ್ನೂ ಟೀಚರ್ ಆಟಕ್ಕೆ ಸೇರಿಸಿಕೊಳ್ಳಬಹುದು. ಹೇಳದಿದ್ದರೆ, ಪ್ರೀತಿಸಿದ ಜನರ ಮನಸ್ಸಿನಲ್ಲಿ ಆ ಮುಳ್ಳು ಹಾಗೇ ಉಳಿಯುತ್ತದೆ. ಕಂಬಳಿಯಲ್ಲಿ ಉಣ್ಣುತ್ತಾ ಕೂದಲು ಆರಿಸಿದ ಹಾಗೆ, ಯಾವುದನ್ನು ಆರಿಸುವುದು, ಯಾವುದನ್ನು ಬಿಡುವುದು?

"ಹೋಗಾಣ ನಡಿ" ಎಂದರು. ಶಾಲೆಯ ಕಡೆಗಲ್ಲ, ಅಜ್ಜಿಯ ಮನೆಯ ಕಡೆಗೆ.

ಅಜ್ಜಿ ಪಡಸಾಲೆಯಲ್ಲಿ ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಾ ಕೂತಿತ್ತು. ಅಡುಗೆಯ ಅಕ್ಕ ಶಾಲೆಗೆ ಹೊರಡುತ್ತಿದ್ದವಳು ನಮ್ಮನ್ನು ಕಂಡು ಅಭ್ಯಾಸಬಲದಿಂದ ಕಂಬಳಿಗೆ ಕೈ ಹಾಕಿದಳು. ಅಜ್ಜಿ ತಲೆ ಎತ್ತದೆಯೇ, "ಹಾಸಬ್ಯಾಡ ಕಣೇ. ಅವ್ರು ಕುಂದ್ರಲ್ಲ" ಎಂದಿತು.

ಆ ಮಾತು ನನಗೇ ಚುಚ್ಚಿತು. ಟೀಚರ್ ಮುಖ ಕಪ್ಪಿಟ್ಟಿತು. ಆದರೂ ಎಂದಿನ ಕಲ್ಲಿನ ಮೇಲೆ ಕೂರದೆ ಒಳಗೆ ಬಂದು, ಅಜ್ಜಿಯ ಎದುರು ನಿಂತರು.

"ಅಜ್ಜಿ, ಒಂದು ಮಾತು ಕೇಳ್ರಿ. ನಾನು ಜಾತಿ ನೋಡಿ ಕುಂದ್ರದೆ ಇದ್ದೋಳಲ್ಲ. ನಂಗೆ ಉಚ್ಚೆ ನಿಲ್ಲಂಗಿಲ್ಲ. ಎರಡನೇ ಹೆರಿಗೆ ಆದಾಗ್ಲಿಂದ ಹಿಂಗೆ. ಕೆಮ್ಮಿದ್ರೆ ಹೋಗ್ತೈತೆ, ಸೀನಿದ್ರೆ ಹೋಗ್ತೈತೆ. ನಿಮ್ ಕಂಬಳಿ ನನ್ನಿಂದ ಕೆಡಬಾರ್ದು ಅಂತ ಕಲ್ಲಿನ ಮ್ಯಾಲೆ ಕುಂತೆ. ಇಷ್ಟೇ."

ಪಂಚಾಂಗದ ದನಿಯೇ. ಆದರೆ ಕೊನೆಯಲ್ಲಿ ಅದು ನಡುಗಿತು. ಸುಲಿಯುವ ಕೈ ನಿಂತಿತು. ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

"ಅಷ್ಟೇನಾ?"

"ಅಷ್ಟೇ ಅಜ್ಜಿ."

"ಅಯ್ಯೋ ನನ್ ತಾಯಿ! ಅಷ್ಟಕ್ಕಾ ಇಷ್ಟು ವರ್ಷ ಕಲ್ಲಿನ ಮ್ಯಾಲೆ ಕುಂತೆ? ಆರು ಹೆತ್ತೋಳು ನಾನು. ನಂದು ಆ ಬಾಗ್ಲು ಸರಿಯಾಗಿ ಮುಚ್ಚಿದ್ದು ಯಾವ ಕಾಲ್ದಾಗೋ ನೆಪ್ಪೇ ಇಲ್ಲ!"

ನಾವು ಮೂವರೂ ಅಜ್ಜಿಯನ್ನೇ ನೋಡಿದೆವು.

"ಉಣ್ಣೆ ಕುರಿ ಮೈಮ್ಯಾಲೆ ಇದ್ದಾಗ ಮಳೆ ಕಂಡೈತೆ, ಉಚ್ಚೆ ಕಂಡೈತೆ, ಹಿಕ್ಕೆ ಕಂಡೈತೆ. ನಿಂದೊಂದು ಹೆಚ್ಚಾತಾ ಅದಕ್ಕೆ? ಕಂಬಳಿಗೆ ಎಲ್ಲೈತೆ ತಾಯಿ ಮೈಲಿಗೆ? ದೇವ್ರೇ ಅದರ ಮ್ಯಾಲೆ ಕುಂದ್ರತಾನೆ."

ಬಾಗಿಲ ಹತ್ತಿರದಿಂದ ಅಡುಗೆಯ ಅಕ್ಕ ಮೆಲ್ಲಗೆ, "ನಂಗೂ... ಆ ದೊಡ್ಡ ಪಾತ್ರೆ ಇಳಿಸೋವಾಗ" ಎಂದಳು.

"ನೀನೂನಾ?" ಎಂದಿತು ಅಜ್ಜಿ, ಸೊಸೆಯ ಕಡೆ ತಿರುಗಿ. ಒಂದೇ ಮನೆಯಲ್ಲಿ ಇಷ್ಟು ವರ್ಷ ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದರು. ನಾನೂ ಸುಮ್ಮನಿರಲಾರದೆ ಕಪ್ಪೆ ಜಿಗಿದ ಕಥೆ ಹೇಳಿಬಿಟ್ಟೆ. ಅಜ್ಜಿಗೆ ನಗು ಶುರುವಾಯಿತು. ಮೊದಲು ಹೆಗಲು ಕುಣಿಯಿತು, ಆಮೇಲೆ ಮೊರದಲ್ಲಿದ್ದ ಕಡಲೆಕಾಯಿ ಚೆಲ್ಲಿತು. "ಬುಡ್ರೇ, ನಗಸಬ್ಯಾಡ್ರೇ, ಹೋತು, ಹೋತು!" ಎಂದು ಮಂಡಿ ಜೋಡಿಸಿ ಹಿಡಿದುಕೊಂಡಿತು.

ಆಗ ದೊಡ್ಡ ಟೀಚರ್ ನಕ್ಕರು. ಅಷ್ಟು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಬಾಯಿಗೆ ಸೆರಗು ಅಡ್ಡ ಹಿಡಿಯುವ ನಗುವಲ್ಲ, ಹೊಲದಲ್ಲಿ ಕಳೆ ಕೀಳುವ ಹುಡುಗಿಯರು ಸುತ್ತ ಯಾರೂ ಇಲ್ಲವೆಂದು ನಗುತ್ತಾರಲ್ಲ, ಅಂಥದ್ದು. ನನಗೆ ಕಣ್ಣಲ್ಲಿ ನೀರು ಬಂತು.

ಅಜ್ಜಿ ಆಗಲೇ ಕಂಬಳಿ ಹಾಸು ಎಂದಿತು. ಟೀಚರ್ ಬೇಡವೆಂದರು. "ಕೊನೆ ದಿನ, ಎಲ್ರ ಮುಂದೆ ಕುಂದ್ರತೀನಿ. ಆದ್ರೆ ಹಿರೇರಿಗೆ ಏನಂತ ಹೇಳ್ತೀರಿ?"

"ಗಂಡಸ್ರಿಗೆ ಎಷ್ಟು ಹೇಳ್ಬೇಕೋ ಅಷ್ಟು ನಾನು ಹೇಳ್ತೀನಿ" ಎಂದಿತು ಅಜ್ಜಿ.

ಅಜ್ಜಿ ಹೇಳಿದ್ದು ಏನೆಂದು ಬೀಳ್ಕೊಡುಗೆಯ ದಿನ ತಿಳಿಯಿತು. ಶಾಲೆಯ ಬೇವಿನ ಮರದ ಕೆಳಗೆ ಇಡೀ ಹಟ್ಟಿ ಸೇರಿತ್ತು. ಅಜ್ಜಿಯೇ ತನ್ನ ಮನೆಯ ಕಂಬಳಿ ತಂದು ಹಾಸಿ, ಮೂಲೆಗೆ ಭಂಡಾರ ಹಾಕಿ, "ಕುಂತ್ಕ ತಾಯಿ" ಎಂದಿತು. ಟೀಚರ್ ಕಂಬಳಿಯ ಅಂಚಿನಲ್ಲಿ ನಿಂತರು. ನನ್ನ ಕಡೆ ಒಮ್ಮೆ ನೋಡಿದರು. ಚಪ್ಪಲಿ ಬಿಟ್ಟರು, ಕಂಬಳಿ ಮುಟ್ಟಿ ಕಣ್ಣಿಗೊತ್ತಿಕೊಂಡರು, ನಡುಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತರು. ಹಿಂದಿನಿಂದ ಯಾರೋ "ಕುಂತ್ರು" ಎಂದು ಪಿಸುಗುಟ್ಟಿದರು. ಆ ಮಾತು ಬಾಯಿಂದ ಬಾಯಿಗೆ ಕೊನೆಯವರೆಗೂ ಹೋಯಿತು.

ಹಟ್ಟಿಯ ಯಜಮಾನರು ಮಾತಿಗೆ ಎದ್ದರು. "ಟೀಚರಮ್ಮರ ಬಗ್ಗೆ ನಾವು ತಪ್ಪು ತಿಳ್ಕಂಡಿದ್ವಿ. ಅಜ್ಜಿ ಹೇಳಿದ ಮ್ಯಾಲೆ ಗೊತ್ತಾತು. ಪಾಪ, ಇಷ್ಟು ವರ್ಷ ಮಂಡಿ ನೋವು ಇಟ್ಕಂಡು, ನೆಲಕ್ಕೆ ಕುಂದ್ರಕಾಗದೆ, ಒಂದು ಮಾತೂ ಆಡದೆ ನಮ್ ಮಕ್ಕಳಿಗೆ ನಿಂತ್ಕಂಡೇ ಪಾಠ ಹೇಳವ್ರೆ" ಎಂದು ಜೇಬಿನಿಂದ ಒಂದು ಸೀಸೆ ತೆಗೆದರು. "ಇದು ನಾಟಿ ಎಣ್ಣೆ. ಧರ್ಮಪುರದ ಕಡೆಯಿಂದ ತರಿಸೀನಿ. ಕುಂಟೋ ಟಗರಿಗೆ ಹಚ್ಚಿದ್ರೂ ಎದ್ದು ಓಡ್ತೈತೆ. ಎರಡು ಹೊತ್ತು ಮಂಡಿಗೆ ತಿಕ್ಕ್ರಿ."

ಟೀಚರ್ ಸೀಸೆ ತೆಗೆದುಕೊಂಡರು. ಅಜ್ಜಿಯ ಮುಖ ನೋಡಬಾರದಿತ್ತು, ನೋಡಿಬಿಟ್ಟರು. ಅಜ್ಜಿ ಆಕಾಶ ನೋಡುತ್ತಿತ್ತು. ಅಷ್ಟೇ ಸಾಕಾಯಿತು. ಟೀಚರಿಂದ ಹೊರಟ ನಗು ಬೇವಿನ ಮರದ ಕಾಗೆಗಳನ್ನು ಎಬ್ಬಿಸಿತು. "ದೊಡ್ಡ ಟೀಚರ್ ನಗ್ತಾರೆ!" ಎಂದು ಒಂದನೇ ಕ್ಲಾಸಿನ ಹುಡುಗಿಯೊಂದು ಕೂಗಿತು. ಮಕ್ಕಳೆಲ್ಲ ಎದ್ದು ನಿಂತು ನೋಡಿದರು. ಯಾಕೆಂದು ತಿಳಿಯದಿದ್ದರೂ ಹಟ್ಟಿಯೆಲ್ಲ ನಕ್ಕಿತು. ಯಜಮಾನರೂ ನಕ್ಕರು. ನಾನು ಮಾತ್ರ ಟೀಚರ ಕಾಲುಗಳನ್ನೇ ನೋಡುತ್ತಿದ್ದೆ. ಅವರು ಕಾಲು ಬಿಗಿಹಿಡಿಯಲಿಲ್ಲ. ಎದ್ದು ಓಡಲಿಲ್ಲ. ನಗು ಪೂರ್ತಿ ಮುಗಿಯುವವರೆಗೂ ಕಂಬಳಿಯ ಮೇಲೆ ಹಾಗೇ ಕೂತಿದ್ದರು.

ಎಲ್ಲ ಮುಗಿದ ಮೇಲೆ ಆ ಕಂಬಳಿಯನ್ನು ಅಜ್ಜಿ ಯಾರ ಕೈಗೂ ಕೊಡದೆ ತಾನೇ ಮಡಿಸಿತು. ಅದು ಒದ್ದೆಯಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕರಿ ಕಂಬಳಿ, ಕಾಣುವುದಿಲ್ಲ. "ಬೀಳ್ಕೊಡುವಾಗ ಹಾಸಿದ ಕಂಬಳಿ ಕುಂತೋರದೇ. ನಮ್ಮಲ್ಲಿ ಹಂಗೇ" ಎಂದು ಟೀಚರ ಆ ದೊಡ್ಡ ಚೀಲದಲ್ಲಿ, ಕಪ್ಪು ಸೀರೆಯ ಪಕ್ಕದಲ್ಲಿ ತುರುಕಿತು.

ಈಗ ಅವರು ಹೊಸದುರ್ಗದಲ್ಲಿದ್ದಾರೆ. ಬೇಸಿಗೆ ರಜೆಯಲ್ಲಿ ಹೋಗಿ ಒಂದು ದಿನ ಉಳಿದಿದ್ದೆ. ಹಳದಿ ಸೀರೆ ಉಟ್ಟಿದ್ದರು. ಗುರುತೇ ಹತ್ತಲಿಲ್ಲ. ಚೀಲವೇನೂ ಖಾಲಿಯಾಗಿಲ್ಲ, ಪ್ಯಾಡು ನಿಂತಿಲ್ಲ, ಹಾಜರಿ ಕರೆಯಲು ಮಕ್ಕಳಿಲ್ಲದ್ದರಿಂದ ಈಗ ಬೀದಿಯಲ್ಲಿ ಹೋಗುವವರ ಹೆಸರು ಹೇಳಿಕೊಂಡು ವ್ಯಾಯಾಮ ಮಾಡುತ್ತಾರಂತೆ. ಸಂಜೆ ಆ ಕಂಬಳಿ ಹಾಸಿ ಇಬ್ಬರೂ ಕೂತೆವು. ಟೀಚರ ಯಜಮಾನರು ಮಂಡಿ ಎಣ್ಣೆಯ ಸೀಸೆ ತಂದು, ಇದನ್ನು ಯಾವ ಮಂಡಿಗೆ ಹಚ್ಚಬೇಕು ಎಂದು ಕೇಳಿದರು. ಆಮೇಲೆ ಏನಾಯಿತೆಂದು ಹೇಳಬೇಕಾಗಿಲ್ಲ.

ಬೆಳಿಗ್ಗೆ ಟೀಚರ್ ಮಹಡಿಯ ಗೋಡೆಯ ಮೇಲೆ ಕಂಬಳಿಯನ್ನು ಬಿಸಿಲಿಗೆ ಹರವುತ್ತಿದ್ದರು. ಪಕ್ಕದ ಮಹಡಿಯಿಂದ ನೆರೆಮನೆಯಾಕೆ, "ಏನ್ರಿ ಟೀಚರ್, ಈ ವಾರ ಒಣಗಿಸಿದ್ರಲ್ಲ, ಮತ್ತೆ ಹಾಕಿದ್ರಾ?" ಎಂದಳು.

"ಏನ್ ಮಾಡಾಣ್ರಿ" ಎಂದರು ದೊಡ್ಡ ಟೀಚರ್, ಕಂಬಳಿಯ ಅಂಚು ಎಳೆದು ಸರಿಮಾಡುತ್ತಾ. "ನಿನ್ನೆ ನಮ್ಮ ಸಣ್ಣ ಟೀಚರ್ ಬಂದಿದ್ಲು. ಭಾಳ ನಕ್ವಿ."